ಬಿಳಗಿಯ ಕೊಠಡಿಯಲ್ಲಿ ಕಡಲಿನ ಕರೆಂಟು

ಹಿಂದಿನ ಬೆಂಚಿನಲ್ಲಿ ಜಾಗವಿದೆ, ಕೂತುಕೊಳ್ಳಿ. ಹಂಚಿನ ಮೇಲೆ ಜುಲೈ ಮಳೆ ಹೊಡೆಯುತ್ತಿದೆ, ಸ್ವಲ್ಪ ಮುಂದಕ್ಕೆ ಬಾಗಿದರೆ ಮಾತು ಕೇಳುತ್ತದೆ. ಬಾಗಿಲ ಮೂಲೆಯಲ್ಲಿ ಒದ್ದೆ ಕೊಡೆಗಳ ರಾಶಿ. ಹೈಸ್ಕೂಲಿನವರು, ಪಿಯುಸಿಯವರು ಒತ್ತೊತ್ತಾಗಿ ಕೂತಿದ್ದಾರೆ. ಒಂದು ಕಾಲಕ್ಕೆ ಅರಸರ ರಾಜಧಾನಿಯಾಗಿದ್ದ, ಈಗಲೂ ರತ್ನತ್ರಯ ಬಸದಿ ನೋಡಲು ಜನ ಬರುವ ಬಿಳಗಿ ಇದು.

ಎದುರಿಗೆ ನಿಂತವರು ಸಿದ್ದಾಪುರ ಸೀಮೆಯವರೇ. ಮುಂಬೈ ಸೇರಿ, ಕಡಲೊಳಗಿನ ತೈಲದ ಕೆಲಸದಲ್ಲಿ ಪಳಗಿ ಜನರಲ್ ಮ್ಯಾನೇಜರ್ ಆದವರು. ಈಗ ಕಂಪನಿಯ ಗಾಳಿ ವಿದ್ಯುತ್ ವಿಭಾಗ ನೋಡಿಕೊಳ್ಳುತ್ತಾರೆ. ರಜೆಯಲ್ಲಿ ಊರಿಗೆ ಬಂದವರನ್ನು ಮೇಷ್ಟ್ರು ಬಿಡದೆ ಕರೆತಂದಿದ್ದಾರೆ.

ಅವರು ಚೀಲದಿಂದ ಬಟ್ಟೆ ಸುತ್ತಿದ ಒಂದು ಬಿಲ್ಲೆ ತೆಗೆದು ಮುಂದಿನ ಸಾಲಿಗೆ ಕೊಡುತ್ತಾರೆ. "ಹುಷಾರು ತಮಾ, ಭಾರ ಇದೆ." ಕೈಯಿಂದ ಕೈಗೆ ದಾಟಿ ಅದು ನಿಮ್ಮವರೆಗೂ ಬರುತ್ತದೆ. ಸಮುದ್ರದ ತಳದಲ್ಲಿ ಹಾಸುವ ಕೇಬಲ್ಲಿನ ಅಡ್ಡ ಕೊಯ್ದ ತುಂಡು. ನಡುವೆ ತಾಮ್ರದ ಮೂರು ಕಣ್ಣು, ಪ್ರತಿಯೊಂದರ ಸುತ್ತ ಪ್ಲಾಸ್ಟಿಕ್ಕಿನ ದಪ್ಪ ಪದರ, ಅದರಾಚೆ ಸೀಸದ ಬಳೆ, ಎಲ್ಲವನ್ನೂ ತಬ್ಬಿಕೊಂಡ ಉಕ್ಕಿನ ತಂತಿಗಳ ಸುತ್ತು. ಮೂಗಿಗೆ ಹಿಡಿದರೆ ಡಾಂಬರಿನ ವಾಸನೆ. "ಅಡಿಕೆ ಮರದಷ್ಟೇ ದಪ್ಪ ಅದೆ" ಎಂದು ಪಕ್ಕದ ಹುಡುಗ ಬೆರಳಗಲಿಸಿ ಅಳೆಯುತ್ತಾನೆ.

ಮಾತು ಮುಂಬೈ ಹೈಯಿಂದ ಶುರುವಾಗುತ್ತದೆ. 1974ರ ಫೆಬ್ರವರಿಯಲ್ಲಿ ಸಾಗರ್ ಸಮ್ರಾಟ್ ಎಂಬ ರಿಗ್ಗು ಮುಂಬೈಯಿಂದ ಸುಮಾರು 160 ಕಿಲೋಮೀಟರ್ ಪಶ್ಚಿಮಕ್ಕೆ ಕೊರೆದು ತೈಲ ಕಂಡದ್ದು, 1976ರ ಮೇ ತಿಂಗಳಿಂದ ಅದು ಹರಿಯತೊಡಗಿದ್ದು. ಹದಿನಾಲ್ಕು ದಿನ ಕಬ್ಬಿಣದ ವೇದಿಕೆಯ ಮೇಲೆ, ಹದಿನಾಲ್ಕು ದಿನ ಮನೆಯಲ್ಲಿ, ಹೋಗಿಬರಲು ಹೆಲಿಕಾಪ್ಟರ್. ಹುಡುಗರ ಕಣ್ಣು ಹೆಲಿಕಾಪ್ಟರಿನ ಕಡೆಗೆ ಹೋಗಿದೆ. ಅವರು ಅಲ್ಲಿಗೇ ಬಿಡುವುದಿಲ್ಲ. 2005ರ ಜುಲೈ 27ರಂದು, ಇಂಥದ್ದೇ ಮಳೆಗಾಲದಲ್ಲಿ, ಬೆರಳು ಕೊಯ್ದುಕೊಂಡ ಅಡುಗೆಯವನೊಬ್ಬನನ್ನು ಚಿಕಿತ್ಸೆಗೆ ದಾಟಿಸಲು ಅಲ್ಲಿನ ಒಂದು ವೇದಿಕೆಯ ಹತ್ತಿರ ಬಂದ ಹಡಗು ಅದರ ಅನಿಲದ ಕೊಳವೆಗೆ ಬಡಿಯಿತು. ಬೆಂಕಿ ಹತ್ತಿ ಇಡೀ ವೇದಿಕೆಯೇ ಹೋಯಿತು. 22 ಜನ ತೀರಿಕೊಂಡರು. ಸಂಬಳದ ಮಾತಿಗೂ ಮೊದಲು ಈ ಮಾತನ್ನು ಮಕ್ಕಳ ಎದುರು ಇಟ್ಟದ್ದಕ್ಕೆ ಈ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು.

"ಇನ್ನು ಗಾಳಿ." ಡೆನ್ಮಾರ್ಕಿನ ವಿಂಡೆಬಿಯಲ್ಲಿ 1991ರಲ್ಲಿ ಕಡಲೊಳಗೆ 11 ಗಾಳಿಯಂತ್ರ ನಿಂತವು. 2017ರಲ್ಲಿ ಸ್ಕಾಟ್ಲೆಂಡಿನ ಆಚೆ ತೇಲುವ ಯಂತ್ರಗಳೇ ಬಂದವು. ನಮ್ಮಲ್ಲಿ 2015ರಲ್ಲಿ ನೀತಿಯಾಯಿತು. 2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಗುಜರಾತಿಗೆ 500, ತಮಿಳುನಾಡಿಗೆ 500 ಮೆಗಾವಾಟ್ ಎಂದು ಲೆಕ್ಕ ಹಾಕಿ 7,453 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಕರ್ನಾಟಕ ಇಲ್ಲ.

ಕಿಟಕಿ ಪಕ್ಕದ ಹುಡುಗಿ ಏಳುತ್ತಾಳೆ. "ಸರ್, ಗಾಳಿ ಜೋರು ಬೀಸೂದು ಮಳೆಗಾಲದಲ್ಲಿ. ಆವಾಗ ಲಿಂಗನಮಕ್ಕಿ ಡ್ಯಾಮೂ ತುಂಬ್ತದೆ. ಎರಡೂ ಒಟ್ಟಿಗೇ ಬಂದ್ರೆ ಎಂತಕ್ಕೆ?"

ಅವರು ನಕ್ಕು ಸೀಮೆಸುಣ್ಣ ಹಿಡಿಯುತ್ತಾರೆ. ಹಲಗೆಯ ಮೇಲೆ ಅಣೆಕಟ್ಟು, ಅದರ ಕೆಳಗೆ ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್. "ಒಳ್ಳೇ ಪ್ರಶ್ನೆ ತಂಗೀ. ಮಳೆ ತಿಂಗಳಲ್ಲಿ ಗಾಳಿ ಕರೆಂಟು ಕೊಟ್ರೆ ನೀರು ಬಿಡೂದು ಕಡಿಮೆ ಮಾಡಬಹುದು. ಉಳಿದ ನೀರು ಮಾರ್ಚ್, ಏಪ್ರಿಲ್‌ಗೆ."

"ಅಂದ್ರೆ ಪಂಪ್ಡ್ ಸ್ಟೋರೇಜಾ?" ಹಿಂದಿನಿಂದ ಒಬ್ಬ ಹುಡುಗನ ದನಿ. ಕೊಠಡಿ ಒಮ್ಮೆಲೇ ಚುರುಕಾಗುತ್ತದೆ. ಗೇರುಸೊಪ್ಪೆಯ ನೀರನ್ನು ತಲಕಳಲೆ ಜಲಾಶಯಕ್ಕೆ ಏರಿಸಿ ಮತ್ತೆ ಇಳಿಸುವ 2,000 ಮೆಗಾವಾಟ್ ಯೋಜನೆ ಇಲ್ಲಿಯ ಮನೆಮನೆಯ ಮಾತು. ಅದರ ಸುರಂಗ ಸಾಗುವುದು ಸಿಂಗಳೀಕದ ಕಾಡಿನ ಅಡಿಯಲ್ಲಿ. ತಾವು ಹೇಳಿದ್ದು ಬೇರೆ, ಇರುವ ಅಣೆಕಟ್ಟಿನಲ್ಲೇ ನೀರು ತಡೆದಿಟ್ಟುಕೊಳ್ಳುವುದಕ್ಕೆ ಹೊಸ ಸುರಂಗ ಬೇಡ ಎಂದು ಅವರು ವಿವರಿಸುತ್ತಾರೆ. ಆದರೆ ಹಗಲಿನ ಸೌರ ವಿದ್ಯುತ್ತನ್ನು ಸಂಜೆಗೆ ಉಳಿಸಲು ಬ್ಯಾಟರಿಯೋ ಪಂಪೋ ಒಂದು ಬೇಕೇ ಬೇಕು ಎಂಬುದನ್ನೂ ಮುಚ್ಚಿಡುವುದಿಲ್ಲ. ಹುಡುಗ ಒಪ್ಪಿದ ಹಾಗೆ ಕಾಣುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ಊರಿಗೆ ಊರೇ ಮುಳುಗಿ ನಾಡಿಗೆ ದೀಪ ಬಂದದ್ದನ್ನು ಅಜ್ಜಂದಿರ ಬಾಯಲ್ಲಿ ಕೇಳಿದ ಮಕ್ಕಳು ಇವರು. ಕರೆಂಟಿನ ಬೆಲೆಯನ್ನು ಯೂನಿಟ್ಟಿನಲ್ಲಿ ಮಾತ್ರ ಲೆಕ್ಕ ಹಾಕುವುದು ಇವರಿಗೆ ಬರುವುದಿಲ್ಲ, ಬರಬಾರದು ಕೂಡ.

"ಸಮುದ್ರದಲ್ಲಿ ಯಾರ ಮನೇನೂ ಮುಳುಗೂದಿಲ್ಲ ಅಲ್ದಾ?" ಇನ್ನೊಬ್ಬ ಕೇಳುತ್ತಾನೆ. ಅವರು ಉತ್ತರಿಸುವ ಮೊದಲೇ ಕಿಟಕಿ ಪಕ್ಕದ ಹುಡುಗಿ ತಿರುಗುತ್ತಾಳೆ. "ದೋಣಿಯವರು ಇರ್ತಾರಲ್ಲ."

ಇರುತ್ತಾರೆ. ಇದೇ ತಾಲೂಕಿನ ಉಂಚಳ್ಳಿಯಲ್ಲಿ ಧುಮುಕುವ ಅಘನಾಶಿನಿ, ಒಂದೂ ಅಣೆಕಟ್ಟು ಕಾಣದೆ ತದಡಿಯ ಅಳಿವೆ ಸೇರುತ್ತದೆ. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬಳಚು ಹೆಕ್ಕುತ್ತಾರೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ದಡದಲ್ಲೇ ಕಾಯುತ್ತವೆ. ಗಾಳಿಯಂತ್ರ ಮಾತ್ರ ವರ್ಷವಿಡೀ ನಿಂತೇ ಇರುತ್ತದೆ. ತೈಲದ ವೇದಿಕೆಯ ಸುತ್ತ 500 ಮೀಟರ್ ಒಳಗೆ ದೋಣಿ ಬರುವಂತಿಲ್ಲ ಎಂದು ಅವರೇ ಹೇಳುತ್ತಾರೆ. ಅಂಥ ಸುತ್ತುಗಳು ನೂರಾದರೆ ಬಲೆ ಎಲ್ಲಿ ಬೀಸುವುದು? ಕಡಲು ಖಾಲಿ ಜಾಗ ಎಂಬ ನಂಬಿಕೆಯಿಂದಲೇ ಈ ಉದ್ಯಮದ ಅರ್ಧ ಜಗಳ ಹುಟ್ಟುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಡನ್ನೂ ಹಿಂದೆ ಹಾಗೆಯೇ ಖಾಲಿ ಎಂದು ಬರೆದುಕೊಂಡಿದ್ದರು.

ಅವರು ಹಲಗೆ ಒರೆಸಿ ಇನ್ನೊಂದು ಹೆಸರು ಬರೆಯುತ್ತಾರೆ: ಮಿಡೆಲ್‌ಗ್ರುಂಡೆನ್. ಕೋಪನ್‌ಹೇಗನ್ ಎದುರಿನ ಕಡಲಲ್ಲಿ 2000ದಲ್ಲಿ ನಿಂತ 20 ಯಂತ್ರಗಳು, 40 ಮೆಗಾವಾಟ್. ಅದರಲ್ಲಿ ಅರ್ಧ ಜನರ ಸಹಕಾರಿ ಸಂಘದ್ದು, ಸದಸ್ಯರು ಎಂಟು ಸಾವಿರಕ್ಕೂ ಮೇಲೆ.

"ನಮ್ಮ ಸೊಸೈಟಿ ಶೇರು ಇದ್ದಂಗಾ?" ಎಂಬ ಪ್ರಶ್ನೆ ಒಮ್ಮೆಗೇ ನಾಲ್ಕು ಬಾಯಿಂದ ಬರುತ್ತದೆ. ಅಡಿಕೆ ಮಾರುವುದರಿಂದ ಸಾಲದವರೆಗೆ ಸೊಸೈಟಿಯನ್ನೇ ನೆಚ್ಚಿದ ಮನೆಗಳ ಮಕ್ಕಳಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. 1981ರಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟವನ್ನು ವಿಜ್ಞಾನಿಗಳ ಎದುರು ಒರೆಗೆ ಹಚ್ಚಲು ಶಿರಸಿಯಲ್ಲಿ ವಿಚಾರ ಸಂಕಿರಣಕ್ಕೆ ಮುಂದಾದದ್ದೂ ಇಲ್ಲಿನ ತೋಟಗಾರರ ಸೊಸೈಟಿಯೇ ಎಂದು ಮೇಷ್ಟ್ರು ನೆನಪಿಸುತ್ತಾರೆ. ಆ ಯೋಜನೆಯನ್ನು ಕೊನೆಗೆ ಕೈಬಿಡಲಾಯಿತು.

"ತದಡಿಯವರ ಹತ್ರ ಶೇರಿಗೆ ದುಡ್ಡಿಲ್ದೇ ಹೋದ್ರೆ?" ಹುಡುಗಿ ಇನ್ನೂ ಕೂತಿಲ್ಲ.

"ಅವರು ಬಿಟ್ಟುಕೊಡೂ ಮೀನಿನ ಜಾಗವನ್ನೇ ಬಂಡವಾಳ ಅಂತ ಹಿಡೀಬಹುದು. ನಾವು ಇನ್ನೂ ಹಾಗೆ ಲೆಕ್ಕ ಹಾಕಿಲ್ಲ."

"ಯಾವಾಗ ಕೇಳ್ತೀರಿ ಅವರನ್ನ? ಸರ್ವೆಗಿಂತ ಮೊದಲಾ, ಆಮೇಲಾ?"

"ಇಲ್ಲೀತನಕ ಆಮೇಲೆ" ಎನ್ನುತ್ತಾರೆ ಅವರು, ತಡವರಿಸದೆ. "ಮೊದಲು ಆಗಬೇಕು." ಮೇಷ್ಟ್ರು ವಂದನಾರ್ಪಣೆಗೆ ಎದ್ದರೂ ಮಕ್ಕಳು ಬಿಡುವುದಿಲ್ಲ, ಸರ್ವೆ ಮಾಡುವವರು ಯಾರು, ಅನುಮತಿ ಬೆಂಗಳೂರಿನಿಂದಲೋ ದಿಲ್ಲಿಯಿಂದಲೋ, ಮೀನುಗಾರರ ಸಂಘಕ್ಕೆ ಕಾಗದ ಕನ್ನಡದಲ್ಲಿ ಬರುತ್ತದೆಯೋ ಎಂದು ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತಿವೆ.