ಅಜ್ಜಿಯ ಹೊಸ್ತಿಲು ದಾಟುವ ಮೊದಲು

ರಿಸರ್ವೇಶನ್ ಎಂದೊಡನೆ ಕರ್ನಾಟಕದ ಮನೆಗಳಲ್ಲಿ ನೆನಪಾಗುವುದು ಕಾಲೇಜಿನ ಸೀಟು, ಸರ್ಕಾರಿ ನೌಕರಿ, ಇಲ್ಲವೇ ರೈಲಿನ ಟಿಕೆಟ್ಟು. ಅಮೆರಿಕದಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವಿದೆ. ಅಲ್ಲಿ ಅದು ಮೂಲನಿವಾಸಿಗಳ ಪಾಲಿಗೆಂದು ಗಡಿ ಗುರುತಿಸಿ ಉಳಿಸಿದ ನೆಲ. ದಕ್ಷಿಣ ಡಕೋಟಾ ರಾಜ್ಯದ ಪೈನ್ ರಿಡ್ಜ್ ಅಂಥದೊಂದು. ಸುಮಾರು 9,000 ಚದರ ಕಿಲೋಮೀಟರ್ ವಿಸ್ತಾರದ ಈ ಪ್ರದೇಶ ಓಗ್ಲಾಲಾ ಲಕೋಟಾ ಜನರ ನೆಲೆ. ಬಡತನ ಮತ್ತು ನಿರುದ್ಯೋಗ ಕಾಡುವ ಇಲ್ಲಿನ ಊರುಗಳಿಗೆ ಬೇಸಿಗೆ ಬಂತೆಂದರೆ ದೂರದ ಚರ್ಚುಗಳ ಯುವತಂಡಗಳು ವ್ಯಾನುಗಳಲ್ಲಿ ಬಂದಿಳಿಯುತ್ತವೆ. ಮನೆಗಳಿಗೆ ಬಣ್ಣ ಬಳಿಯುತ್ತವೆ, ಮಕ್ಕಳನ್ನು ಸೇರಿಸಿ ಆಟ ಆಡಿಸುತ್ತವೆ, ಬೈಬಲ್ ಕಥೆ ಹೇಳುತ್ತವೆ. ವಾರ ಕಳೆಯುತ್ತಲೇ ಒಂದಷ್ಟು ಫೋಟೋ ತೆಗೆದುಕೊಂಡು ಹೊರಟುಹೋಗುತ್ತವೆ.

ಹೀಗೆ ಬರುವವರಲ್ಲಿ ಬಹುಪಾಲು ಒಳ್ಳೆಯ ಮನಸ್ಸಿನವರೇ. ಆದರೂ ಮಕ್ಕಳು ಹತ್ತಿರ ಬಂದಂತೆ ಕಂಡು ಮತ್ತೆ ದೂರ ಸರಿಯುತ್ತಾರೆ. ಹೊಸಬನೊಬ್ಬ ಬಂದು ನಕ್ಕಾಗ ಆ ಮಗು ಬಾಯಿಬಿಟ್ಟು ಕೇಳಲಿ, ಕೇಳದಿರಲಿ, ಅದರ ಮನಸ್ಸಿನಲ್ಲಿ ಇರುವ ಪ್ರಶ್ನೆ ಒಂದೇ: 'ನೀನು ಯಾವಾಗ ಹೋಗುತ್ತೀ?'

ಈ ಪ್ರಶ್ನೆಗೆ ಒಂದೂವರೆ ಶತಮಾನದ ಹಿನ್ನೆಲೆಯಿದೆ. 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲು ಲಕೋಟಾ ಜನರದೇ ಎಂದು ಸರ್ಕಾರ ಬರೆದುಕೊಟ್ಟಿತು. 1874ರಲ್ಲಿ ಅಲ್ಲಿ ಚಿನ್ನ ಕಂಡಿತು, 1877ರಲ್ಲಿ ಬೆಟ್ಟ ಕೈತಪ್ಪಿತು. ಅದಕ್ಕೆ ಪರಿಹಾರ ಕೊಡಬೇಕೆಂದು 1980ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತರೂ ಆ ಜನ ಹಣ ಮುಟ್ಟಲಿಲ್ಲ. ಅವರಿಗೆ ಬೇಕಾಗಿದ್ದುದು ಬೆಟ್ಟ.

ಚರ್ಚುಗಳೂ ಈ ಕಥೆಯಿಂದ ಹೊರಗಿಲ್ಲ. 1869ರ ನಂತರ ಅಧ್ಯಕ್ಷ ಗ್ರಾಂಟ್ ಸರ್ಕಾರ ರಿಸರ್ವೇಶನ್ನುಗಳ ಉಸ್ತುವಾರಿಯನ್ನು ಬೇರೆ ಬೇರೆ ಕ್ರೈಸ್ತ ಪಂಗಡಗಳಿಗೆ ಹಂಚಿಕೊಟ್ಟಿತ್ತು. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ವಸತಿ ಶಾಲೆ ಆರಂಭವಾದಾಗ ಮೊದಲು ರೈಲು ಹತ್ತಿದವರಲ್ಲಿ ಪೈನ್ ರಿಡ್ಜ್ ಹಾಗೂ ಪಕ್ಕದ ರೋಸ್‌ಬಡ್‌ನ ಮಕ್ಕಳಿದ್ದರು. ಮುಂದೆ ಲೇಖಕನಾಗಿ ಹೆಸರಾದ ಲೂಥರ್ ಸ್ಟ್ಯಾಂಡಿಂಗ್ ಬೇರ್ ಅವರಲ್ಲೊಬ್ಬ. ಅಕ್ಷರವೇ ತಿಳಿಯದ ಆ ಹುಡುಗನ ಕೈಗೆ ಕೋಲು ಕೊಟ್ಟು, ಕಪ್ಪು ಹಲಗೆಯ ಮೇಲೆ ಬರೆದಿದ್ದ ಹೆಸರುಗಳಲ್ಲಿ ಒಂದನ್ನು ತೋರಿಸು ಎಂದರು. ಅವನು ತೋರಿಸಿದ್ದೇ ಅವನ ಹೆಸರಾಯಿತು. ಮಕ್ಕಳ ಉದ್ದ ಕೂದಲನ್ನು ಕತ್ತರಿಸಿದರು. ಲಕೋಟಾ ಜನರಲ್ಲಿ ಕೂದಲು ಕತ್ತರಿಸುವುದು ಸತ್ತವರಿಗಾಗಿ ಶೋಕಿಸುವಾಗ. ಮಾತೃಭಾಷೆ ಆಡಿದರೆ ಶಿಕ್ಷೆ ಎಂಬುದು ಇಂಥ ಶಾಲೆಗಳಲ್ಲಿ ಸಾಮಾನ್ಯ ನಿಯಮವಾಗಿತ್ತು. ಅವುಗಳಲ್ಲಿ ಹಲವನ್ನು ನಡೆಸಿದವು ಚರ್ಚುಗಳೇ. ಅಮೆರಿಕದ ಒಳಾಡಳಿತ ಇಲಾಖೆ 2024ರಲ್ಲಿ ಹೊರತಂದ ವರದಿಯ ಪ್ರಕಾರ 1819ರಿಂದ 1969ರವರೆಗೆ ಇಂಥ 417 ಶಾಲೆಗಳಿದ್ದವು. ಅಲ್ಲಿ ಸತ್ತ ಮಕ್ಕಳ ಸಂಖ್ಯೆ ಕನಿಷ್ಠ 973. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಬೈಡನ್ ದೇಶದ ಪರವಾಗಿ ಕ್ಷಮೆ ಕೇಳಿದರು.

ಆದರೆ ಎಲ್ಲವನ್ನೂ ಒಂದೇ ಬಣ್ಣದಲ್ಲಿ ಬರೆದರೆ ಅದೂ ಸುಳ್ಳಾದೀತು. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಹಳ್ಳದ ಬಳಿ ಸೈನ್ಯ ಗುಂಡಿನ ಮಳೆಗರೆದಾಗ ಗಾಯಗೊಂಡ ಹೆಂಗಸರನ್ನೂ ಮಕ್ಕಳನ್ನೂ ತಂದು ಮಲಗಿಸಿದ್ದು ಪೈನ್ ರಿಡ್ಜ್‌ನ ಎಪಿಸ್ಕೋಪಲ್ ಚರ್ಚಿನಲ್ಲಿ. ಕ್ರಿಸ್‌ಮಸ್ ಅಲಂಕಾರ ಇನ್ನೂ ತೆಗೆದಿರಲಿಲ್ಲ. ಬೆಂಚುಗಳನ್ನು ಹೊರಗಿಟ್ಟು, ನೆಲಕ್ಕೆ ಹುಲ್ಲು ಹಾಸಿದರು. ಅವರಿಗೆ ಚಿಕಿತ್ಸೆ ನೀಡಿದ ಡಾ. ಚಾರ್ಲ್ಸ್ ಈಸ್ಟ್‌ಮನ್ ಸ್ವತಃ ಡಕೋಟಾ ಕುಲದವನು, ಕ್ರೈಸ್ತ. ಲಕೋಟಾ ಜನರ ಹಿರಿಯ ಬ್ಲ್ಯಾಕ್ ಎಲ್ಕ್ 1904ರಲ್ಲಿ ದೀಕ್ಷಾಸ್ನಾನ ಪಡೆದು ಧರ್ಮಬೋಧಕನಾದ. ಆದರೂ ತನ್ನ ಪೂರ್ವಿಕರ ದರ್ಶನವನ್ನು ಮುಂದಿನವರಿಗಾಗಿ ಹೇಳಿ ಬರೆಸಿದ. ಇಂದಿಗೂ ಪೈನ್ ರಿಡ್ಜ್‌ನಲ್ಲಿ ಭಾನುವಾರ ಚರ್ಚಿಗೆ ಹೋಗುವ ಲಕೋಟಾ ಕುಟುಂಬಗಳಿವೆ. ಅವರ ತಕರಾರು ಏಸುವಿನ ಮೇಲಲ್ಲ, ಏಸುವಿನ ಹೆಸರಿನಲ್ಲಿ ತಮ್ಮ ಅಜ್ಜ ಅಜ್ಜಿಯರನ್ನು ಹೀಗಳೆದವರ ಮೇಲೆ.

ಈ ಹೀಗಳಿಕೆ ಹಳೆಯ ಕಾಲಕ್ಕೇ ಮುಗಿಯಲಿಲ್ಲ. 2022ರ ಜುಲೈನಲ್ಲಿ ಲಕೋಟಾ ನಂಬಿಕೆಗಳನ್ನು ಜರೆಯುವ ಕರಪತ್ರವೊಂದು ಪೈನ್ ರಿಡ್ಜ್‌ನಲ್ಲಿ ಹಂಚಿಕೆಯಾಯಿತು. ಬುಡಕಟ್ಟಿನ ಆಡಳಿತ ಮಂಡಳಿ ಕೂಡಲೇ ಮಿಷನರಿ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಬರುವ ತಂಡಗಳು ಹೆಸರು ನೋಂದಾಯಿಸಬೇಕು, ಮಕ್ಕಳೊಡನೆ ಬೆರೆಯುವವರ ಪೂರ್ವಾಪರ ವಿಚಾರಿಸಬೇಕು ಎಂದು ಪಟ್ಟುಹಿಡಿಯಿತು. ಕೆಲವರಿಗೆ ಇದು ಧರ್ಮಕ್ಕೆ ಅಡ್ಡಿಯೆಂದು ಕಂಡಿರಬಹುದು. ಆದರೆ ಮಕ್ಕಳನ್ನು ಅಪರಿಚಿತರ ಕೈಗೊಪ್ಪಿಸುವ ಮೊದಲು ನಾಲ್ಕು ಮಾತು ವಿಚಾರಿಸದ ತಾಯಿತಂದೆ ಯಾವ ಊರಿನಲ್ಲಿದ್ದಾರೆ?

ಹಾಗಾದರೆ ವಿಶ್ವಾಸ ಹುಟ್ಟುವ ಬಗೆ ಹೇಗೆ? ಉತ್ತರ ಲಕೋಟಾ ಮನೆಯೊಳಗೇ ಇದೆ. ಅವರಲ್ಲಿ ಕುಟುಂಬವೆಂದರೆ 'ತಿಯೋಶ್ಪಾಯೆ', ದೊಡ್ಡ ಬಳಗ. ತಾಯಿಯ ಅಕ್ಕತಂಗಿಯರೂ ತಾಯಂದಿರೇ, ತಂದೆಯ ಅಣ್ಣತಮ್ಮಂದಿರೂ ತಂದೆಯರೇ. ದೊಡ್ಡಮ್ಮ, ಚಿಕ್ಕಪ್ಪ ಎನ್ನುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಿದ್ವಾಂಸ 1871ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಮೆರಿಕದ ಮೂಲನಿವಾಸಿಗಳ ಸಂಬಂಧವಾಚಕಗಳ ಜೊತೆಗೆ ತಮಿಳು, ತೆಲುಗು, ಕನ್ನಡದವನ್ನೂ ಪಟ್ಟಿ ಮಾಡಿ, ಅವುಗಳ ಹೋಲಿಕೆಗೆ ಬೆರಗಾಗಿದ್ದ. ಇಂಥ ಬಳಗದಲ್ಲಿ ಬೆಳೆದ ಮಗುವನ್ನು ಒಂಟಿಯಾಗಿ ಕರೆದು ಒಲಿಸಿಕೊಳ್ಳಲು ಹೊರಡುವುದೇ ತಪ್ಪು ದಾರಿ. ಮೊದಲು ಅಜ್ಜಿಯ ಮುಂದೆ ಕುಳಿತು, ತಾನು ಯಾರು, ಎಲ್ಲಿಯವನು, ಎಷ್ಟು ದಿನ ಇರುತ್ತೇನೆ ಎಂದು ಹೇಳಬೇಕು. ಆಕೆ ಕೊಟ್ಟದ್ದನ್ನು ಉಣ್ಣಬೇಕು. ಮಗು ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ ಅದು ಉಡಾಫೆಯಲ್ಲ, ಹಿರಿಯರಿಗೆ ತೋರುವ ಮರ್ಯಾದೆ ಎಂದು ತಿಳಿಯಬೇಕು. ಶನಿವಾರ ನಾಲ್ಕು ಗಂಟೆಗೆ ಬಾಸ್ಕೆಟ್‌ಬಾಲ್ ಆಡಿಸುತ್ತೇನೆ ಎಂದ ಮೇಲೆ ಹಿಮ ಬೀಳಲಿ, ಮಳೆ ಹುಯ್ಯಲಿ, ನಾಲ್ಕಕ್ಕೆ ಅಲ್ಲಿರಬೇಕು. ದೊಡ್ಡ ಒಪ್ಪಂದಗಳೆಲ್ಲ ಮುರಿದುಬಿದ್ದ ನೆಲದಲ್ಲಿ ಇಂಥ ಪುಟ್ಟ ಮಾತುಗಳಿಗೆ ಬೆಲೆ ಹೆಚ್ಚು.

ಶಾಲೆಯಲ್ಲಿ ಹೆಸರುಕಾಳು ಮೊಳೆಸುವ ಪ್ರಯೋಗ ಮಾಡಿದ ಮಕ್ಕಳಿಗೆ ಒಂದು ಸಂಗತಿ ಗೊತ್ತು. ಮೊಳೆತಿದೆಯೇ ಎಂದು ಗಂಟೆಗೊಮ್ಮೆ ಕೆದಕಿ ನೋಡಿದರೆ ಎಳೆ ಬೇರು ಮುರಿಯುತ್ತದೆ. ಎಷ್ಟು ಮಕ್ಕಳು ಕೈಯೆತ್ತಿದರು, ಎಷ್ಟು ಮಂದಿ ಪ್ರಾರ್ಥಿಸಿದರು ಎಂದು ವಾರಾಂತ್ಯಕ್ಕೆ ಲೆಕ್ಕ ಬರೆಯುವ ಸೇವೆಯೂ ಹಾಗೆಯೇ.

ಮಕ್ಕಳೇನೂ ಸುಮ್ಮನೆ ಕಾಯುತ್ತ ಕುಳಿತಿಲ್ಲ. 2015ರಲ್ಲಿ ರೋಸ್‌ಬಡ್‌ನ ಕೆಲವು ಹದಿಹರೆಯದವರು ವಾಷಿಂಗ್ಟನ್‌ನಿಂದ ಊರಿಗೆ ಹಿಂದಿರುಗುವಾಗ ಕಾರ್ಲೈಲ್‌ನ ಸ್ಮಶಾನಕ್ಕೆ ಹೋದರು. ತಮ್ಮದೇ ವಯಸ್ಸಿನವರ ಸಮಾಧಿಗಳನ್ನು ಕಂಡು, 'ಇವರನ್ನು ಮನೆಗೆ ಕರೆದೊಯ್ಯಬಾರದೇಕೆ?' ಎಂದು ಹಿರಿಯರನ್ನು ಕೇಳಿದರು. ಉತ್ತರ ಸಿಗಲು ಆರು ವರ್ಷ ಹಿಡಿಯಿತು. 2021ರ ಜುಲೈನಲ್ಲಿ ಒಂಬತ್ತು ಮಕ್ಕಳ ಅವಶೇಷಗಳು ರೋಸ್‌ಬಡ್‌ಗೆ ಮರಳಿದವು.

ಇಂಥ ಮಕ್ಕಳ ನಡುವೆ ಸೇವೆಗೆಂದು ಹೋಗುವ ಯುವಕನೊಬ್ಬ ತನ್ನ ದೇವರ ಬಗ್ಗೆ ಒಂದು ಮಾತನ್ನೂ ಆಡುವ ಮೊದಲು ಅವರ ಸತ್ತವರ ಕಥೆಯನ್ನು ಕೇಳಿಸಿಕೊಳ್ಳಬೇಕು. ಆ ಮೇಲೆ ಅವರು ಅವನ ನಂಬಿಕೆಯನ್ನು ಒಪ್ಪಿಕೊಂಡಾರು, ಒಪ್ಪದೆಯೂ ಇದ್ದಾರು. ಒಪ್ಪದಿದ್ದಾಗಲೂ ಮುಂದಿನ ಶನಿವಾರ ನಾಲ್ಕು ಗಂಟೆಗೆ ಅವನು ಬಂದನೆಂದರೆ, ಆ ಮಕ್ಕಳು ಅವನನ್ನು ನಂಬಲು ಶುರುಮಾಡುತ್ತಾರೆ.