ಎದುರುಬದುರು ಎರಡು ಮನೆ

ತಿರುಪ್ಪೂರಿನಿಂದ ಕೊಯಮತ್ತೂರಿಗೆ ಬಸ್ಸಿನಲ್ಲಿ ಹೋಗುವಾಗ ಅವಿನಾಶಿ ಬಂತೆಂದರೆ ನಮ್ಮವ್ವ ಕೂತಲ್ಲೇ ಕೈಮುಗಿಯುತ್ತಾಳೆ. ಮೊನ್ನೆ ಮಗಳ ಹೃದಯದ ತಪಾಸಣೆಗೆ ಹೊರಟಾಗ ನಾನೂ ಮುಗಿದೆ. ಆ ಊರಿನ ಕಥೆ ನೆನಪಾಗಿತ್ತು.

ನಾವು ದೇವಾಂಗರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಜ್ಜನ ಕಾಲಕ್ಕೆ ಮಗ್ಗವಿತ್ತು. ನನ್ನ ಕಾಲಕ್ಕೆ ಬನಿಯನ್ ಕಂಪನಿ. ಅಲ್ಲಿ ನಾನು ಚೆಕಿಂಗ್ ವಿಭಾಗದವನು. ಅಂದರೆ ಹದಿನೈದು ವರ್ಷದಿಂದ ನಾನು ಮಾಡುತ್ತಿರುವುದು ತೂತು ಹುಡುಕುವ ಕೆಲಸ. ಬಟ್ಟೆಯನ್ನು ಬೆಳಕಿಗೆ ಹಿಡಿಯಬೇಕು, ದೋಷ ಕಂಡಲ್ಲಿ ಸ್ಟಿಕ್ಕರ್ ಅಂಟಿಸಬೇಕು, ಪಕ್ಕಕ್ಕೆ ಎಸೆಯಬೇಕು. ಸಂಜೆಗೆ ಎರಡು ರಾಶಿ: ಒಳ್ಳೆಯದು, ಕೆಟ್ಟದ್ದು. ಹೆಣೆದ ಬಟ್ಟೆಯಲ್ಲಿ ಒಂದು ಕುಣಿಕೆ ಕಡಿದರೆ ಸಾಕು, ಎಳೆದಂತೆಲ್ಲ ತೂತು ಹಿಗ್ಗುತ್ತದೆ. ತಾನಾಗಿ ಮುಚ್ಚಿಕೊಂಡ ತೂತನ್ನು ನನ್ನ ಕಸುಬಿನಲ್ಲಿ ನಾನು ಕಂಡಿಲ್ಲ.

ಅಂಥವನ ಮಗಳಿಗೆ ಎರಡು ವರ್ಷವಾಗಿದ್ದಾಗ, ಅಂಗನವಾಡಿಗೆ ಬಂದ ವೈದ್ಯರ ತಂಡ ಎದೆಯ ಮೇಲೆ ಕೊಳವೆ ಇಟ್ಟು ಕೇಳಿ, ‘ಸದ್ದು ಬರುತ್ತಿದೆ, ಎಕೋ ಮಾಡಿಸಿ’ ಎಂದು ಚೀಟಿ ಬರೆಯಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹೀಗೆ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ವೈದ್ಯರು ಬರುತ್ತಾರೆ. ಎಕೋದಲ್ಲಿ ಹೃದಯದ ಕೆಳಗಿನ ಎರಡು ಕೋಣೆಗಳ ನಡುಗೋಡೆಯಲ್ಲಿ ಎರಡು ತೂತು ಕಂಡವು. ನೆರೆಯವರು ‘ಓಟ್ಟೈ’ ಎಂದರು, ಅವ್ವ ‘ತೂತು’ ಎಂದಳು, ಡಾಕ್ಟರು ‘ವಿ.ಎಸ್.ಡಿ.’ ಎಂದರು. ಮೂರು ಮಾತೂ ನನಗೆ ಒಂದೇ ಸಮನಾಗಿ ಚುಚ್ಚಿದವು.

ಆ ಸದ್ದು ಬಹಳ ಜೋರಾಗಿದೆ ಎಂದಿದ್ದರಿಂದ ನನಗೆ ರಾತ್ರಿಯೆಲ್ಲ ನಿದ್ದೆ ಹತ್ತಿರಲಿಲ್ಲ. ಆಮೇಲೆ ಡಾಕ್ಟರೇ ಬಿಡಿಸಿ ಹೇಳಿದರು. ನಲ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿ: ಸಂದು ಕಿರಿದಾದಷ್ಟೂ ನೀರು ರಭಸದಿಂದ ಚಿಮ್ಮುತ್ತದೆ. ರಕ್ತವೂ ಹಾಗೆಯೇ. ಸಣ್ಣ ತೂತಿನ ಸದ್ದು ದೊಡ್ಡದು. ಬಲು ದೊಡ್ಡ ತೂತಿನದು ಕೆಲವೊಮ್ಮೆ ಮೆಲ್ಲಗೆ ಇರುತ್ತದೆ. ಫ್ರಾನ್ಸಿನ ಮಕ್ಕಳ ವೈದ್ಯ ಆನ್ರಿ ರೋಜೆ 1879ರಲ್ಲೇ ಇಂಥ ಸಣ್ಣ ತೂತಿನ ದೊಡ್ಡ ಸದ್ದನ್ನು ವಿವರಿಸಿದ್ದರಂತೆ. ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು ಎಂಟು ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆಂದೂ, ಹೆಚ್ಚಾಗಿ ಕಾಣುವುದು ಈ ನಡುಗೋಡೆಯ ತೂತೇ ಎಂದೂ ತಿಳಿದ ಮೇಲೆ, ನಮ್ಮ ಮನೆಗೊಂದೇ ಬಂದ ಶಾಪ ಇದು ಎಂಬ ಸಂಕಟ ಇಳಿಯಿತು.

ಅವಿನಾಶಿಯ ಕಥೆಗೆ ಬರುತ್ತೇನೆ. ಹನ್ನೆರಡನೇ ಶತಮಾನದ ಸೇಕ್ಕಿಳಾರ್ ‘ಪೆರಿಯ ಪುರಾಣ’ದಲ್ಲಿ ಬರೆದದ್ದು. ಸುಂದರಮೂರ್ತಿ ನಾಯನಾರ್, ಅಂದರೆ ಹರಿಹರನ ರಗಳೆಯಿಂದ ನಮಗೆ ಪರಿಚಿತನಾದ ನಂಬಿಯಣ್ಣ, ಆ ಬೀದಿಯಲ್ಲಿ ನಡೆದು ಬರುವಾಗ ಒಂದು ಮನೆಯಲ್ಲಿ ಮಂಗಳವಾದ್ಯ, ಎದುರು ಮನೆಯಲ್ಲಿ ಅಳು. ಐದು ವರ್ಷದವರಾಗಿದ್ದಾಗ ಇಬ್ಬರು ಹುಡುಗರು ಮಡುವಿಗೆ ಇಳಿದಿದ್ದರು. ಒಬ್ಬನನ್ನು ಮೊಸಳೆ ನುಂಗಿತ್ತು. ಉಳಿದವನಿಗೆ ಈಗ ಮುಂಜಿ. ನಂಬಿಯಣ್ಣ ಎರಡೂ ಮನೆಯ ಸದ್ದಿಗೆ ಕಿವಿಗೊಟ್ಟ, ಅತ್ತವರ ಕಣ್ಣೀರಿನ ಕಾರಣ ಕೇಳಿದ, ಮಡುವಿನ ದಡಕ್ಕೆ ಹೋಗಿ ಹಾಡಿದ. ಮೊಸಳೆ ಹುಡುಗನನ್ನು ಮರಳಿ ತಂದಿತು, ಅದೂ ನಡುವಿನ ವರ್ಷಗಳ ಬೆಳವಣಿಗೆಯ ಸಮೇತ.

ಮೊನ್ನೆ ಆ ಎರಡೂ ಮನೆ ನನ್ನ ಎದೆಯೊಳಗೇ ಇದ್ದವು. ಡಾಕ್ಟರು ಹೇಳಿದರು: ಕೆಳಗೆ ಸ್ನಾಯುವಿನ ಭಾಗದಲ್ಲಿದ್ದ ತೂತು ಸ್ನಾಯು ಬೆಳೆದು ತಾನಾಗಿ ಮುಚ್ಚಿದೆ. ಮೇಲಿನದು ಹಾಗೇ ಇದೆ. ಹಿಗ್ಗಿಲ್ಲ, ಆದರೆ ಪಕ್ಕದಲ್ಲೇ ಮಹಾಪಧಮನಿಯ ಕವಾಟವಿದೆ. ಅದು ಜಗ್ಗುತ್ತಿದೆಯೇ ಎಂದು ವರ್ಷಕ್ಕೊಮ್ಮೆ ನೋಡುತ್ತಿರಬೇಕು. ತೂಕ ಚೆನ್ನಾಗಿ ಏರಿದೆ. ಆಡಲಿ, ಓಡಲಿ. ಹಲ್ಲು ಹುಳುಕಾಗಲು ಬಿಡಬೇಡಿ. ಬಾಯಿಯ ಸೋಂಕು ರಕ್ತಕ್ಕಿಳಿದು ಹೃದಯದ ಒಳಪದರಕ್ಕೆ ಅಂಟಿಕೊಳ್ಳಬಹುದು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ನನ್ನ ಕೈ ಅಭ್ಯಾಸದಂತೆ ಈ ಸುದ್ದಿಯನ್ನು ಯಾವ ರಾಶಿಗೆ ಹಾಕಲಿ ಎಂದು ತಡಕಾಡುತ್ತಿತ್ತು. ಅಷ್ಟರಲ್ಲಿ ಅವ್ವನ ಫೋನು: “ಏನಂದ್ರಪ್ಪಾ?” “ಒಂದು ಮುಚ್ಚಿದೆ ಅವ್ವಾ. ಒಂದು ಇದೆ” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಚ್ಚಿದ್ದಕ್ಕೆ ಚೌಡಮ್ಮನಿಗೆ ದೀಪ ಹಚ್ಚುತ್ತೀನಿ. ಇರೋದಕ್ಕೆ ನೀನು ಡಾಕ್ಟರ ಮಾತು ಕೇಳು” ಎಂದಳು.

ಮಗುವಿನ ವಿಷಯದಲ್ಲಿ ಎರಡು ರಾಶಿ ಸಾಲದು ಎಂದು ನನಗೆ ತಿಳಿದದ್ದು ಆಗ. ಉಳಿದಿರುವ ತೂತಿಗೆ ಹೆದರಿ, ಮುಚ್ಚಿದ ತೂತಿನ ಸಂತೋಷವನ್ನು ಮಗುವಿನಿಂದ ಕಿತ್ತುಕೊಳ್ಳಬಾರದು. ಮುಚ್ಚಿದ್ದರ ಖುಷಿಯಲ್ಲಿ ಮುಂದಿನ ತಪಾಸಣೆಯನ್ನು ಮರೆಯಲೂಬಾರದು. ಎರಡು ಮನೆಗೂ ಕಿವಿಗೊಡಬೇಕು. ಒಂದರಲ್ಲಿ ಕೂತು ಊಟ ಮಾಡಬೇಕು, ಇನ್ನೊಂದರಲ್ಲಿ ಏನಾಗಬೇಕೆಂದು ಕೇಳಿ ಮಾಡಬೇಕು.

ನಿಮ್ಮ ಬೀದಿಯ ಅಂಗನವಾಡಿಗೆ ವೈದ್ಯರು ಬರುವ ದಿನ ಮಗುವನ್ನು ತಪ್ಪದೆ ಕಳಿಸಿ. ಚೀಟಿ ಕೊಟ್ಟರೆ ಮಡಚಿಡಬೇಡಿ, ಹೊರಡಿ. ನಮ್ಮ ಮಗಳಿಗೆ ಈಗ ನಾಲ್ಕು ವರ್ಷ. ದಿನಕ್ಕೆ ಎರಡು ಸಲ ನಾನೇ ಅವಳ ಹಲ್ಲುಜ್ಜುತ್ತೇನೆ. ಮುಂದಿನ ಎಕೋ ವರ್ಷದ ನಂತರ. ತಾರೀಖನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇವೆ.