ಗೋಡೆಗೆ ಹೇಳಿದ ಮಾತು

ವ್ಯವಹಾರ ಅಧ್ಯಯನದ ಪಾಠದಲ್ಲಿ ಸಂವಹನ ಪ್ರಕ್ರಿಯೆಯ ಚಿತ್ರವನ್ನು ನೀವೂ ಬಿಡಿಸಿರುತ್ತೀರಿ: ಸಂದೇಶ ಕಳುಹಿಸುವವರು, ಸಂದೇಶ, ಮಾಧ್ಯಮ, ಸ್ವೀಕರಿಸುವವರು, ಹಿಮ್ಮಾಹಿತಿ, ನಡುವೆ ಗದ್ದಲ. ಪರೀಕ್ಷೆಯಲ್ಲಿ ನನಗೆ ಅದಕ್ಕೆ ಪೂರ್ತಿ ಅಂಕ ಬಂದಿತ್ತು. ಆದರೆ ಅರ್ಥವಾದದ್ದು ಗೋಳಗುಮ್ಮಟದಲ್ಲಿ.

ಕಳೆದ ರಜೆಯಲ್ಲಿ ಅಬ್ಬಾ ಅವರ ಪರಿಚಯದ ರೈತರೊಬ್ಬರು ಇಂಡಿ ಕಡೆಯಿಂದ ಮನೆಮಂದಿಯೊಂದಿಗೆ ವಿಜಯಪುರಕ್ಕೆ ಬಂದಿದ್ದರು. "ಗುಮ್ಮಟ ನೀನೇ ತೋರಿಸು ಬೇಟಿ," ಎಂದರು ಅಬ್ಬಾ. ನಮ್ಮ ಮನೆಮಾತು ಉರ್ದು. ಕನ್ನಡದಲ್ಲಿ ತಪ್ಪಾದರೆ ನಗುತ್ತಾರೆಂಬ ಭಯ ನನಗೆ ಮೊದಲಿನಿಂದಲೂ ಇದೆ. ಅದಕ್ಕೇ ರಾತ್ರಿ ಕೂತು ಪುಸ್ತಕದ ವಾಕ್ಯಗಳನ್ನೇ ಬಾಯಿಪಾಠ ಮಾಡಿದೆ.

ಒಳಗೆ ಕಾಲಿಟ್ಟೊಡನೆ ಶುರು ಮಾಡಿದೆ: ಇದು ಮುಹಮ್ಮದ್ ಆದಿಲ್ ಶಾಹನ ಸಮಾಧಿ, ಅವನು ಆಳಿದ್ದು 1627ರಿಂದ 1656ರವರೆಗೆ, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್... ನನ್ನ ದನಿ ಸುತ್ತಲೂ ಮೊಳಗಿ ನನಗೇ ಮರಳಿ ಬರುತ್ತಿತ್ತು. ಚೆನ್ನಾಗಿ ಹೇಳುತ್ತಿದ್ದೇನೆ ಅನ್ನಿಸಿತು. ಆಗ ಅಜ್ಜಿ ಕೇಳಿದರು: "ಯವ್ವಾ, ಯಾರಿಗ ಹೇಳಾಕತ್ತಿ? ಗ್ವಾಡಿಗೇನು?"

ಎಲ್ಲರೂ ನಕ್ಕರು. ನನ್ನ ಕಣ್ಣು ತುಂಬಿತು. ಅಜ್ಜಿ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು. "ಇಷ್ಟ ದೊಡ್ಡದು, ನಡುವ ಒಂದ ಕಂಬಾನೂ ಇಲ್ಲ. ಭಾರ ಯಾವುದು ಹೊತ್ತೈತಿ?"

ಉತ್ತರ ಓದಿದ್ದೆ, ಆದರೆ ಪುಸ್ತಕದ ವಾಕ್ಯ ನೆನಪಿಗೆ ಬರಲಿಲ್ಲ. ಮೇಲೆ ಬೆರಳು ತೋರಿಸಿ ನನಗೆ ಬರುವ ಕನ್ನಡದಲ್ಲೇ ಹೇಳಿದೆ: "ನೋಡಿ ಅಜ್ಜಿ, ಎಂಟು ಕಮಾನುಗಳು ಒಂದನ್ನೊಂದು ದಾಟಿ ಹೋಗಿವೆ. ಎಲ್ಲ ಸೇರಿ ಮೇಲೆ ಬಳೆಯ ಹಾಗೆ ಆಗಿದೆ. ಗುಮ್ಮಟ ಅದರ ಮೇಲೆ ಕೂತಿದೆ. ಭಾರ ಕಮಾನಿನಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಇಳಿಯುತ್ತದೆ."

ಅಜ್ಜಿ ಸ್ವಲ್ಪ ಹೊತ್ತು ಮೇಲೆ ನೋಡಿದರು. "ಅಂದರ ಕೊಡದ ಕೆಳಗ ಸಿಂಬಿ ಇದ್ದಂಗ," ಎಂದರು.

'ಸಿಂಬಿ' ಎಂಬ ಮಾತನ್ನೇ ನಾನು ಕೇಳಿರಲಿಲ್ಲ. ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ ಎಂದು ಅವರೇ ಸೆರಗು ಸುತ್ತಿ ತೋರಿಸಿದರು. ಗುಮ್ಮಟ ನನ್ನ ಮಾತನ್ನು ಇದ್ದ ಹಾಗೇ ವಾಪಸ್ ಕೊಟ್ಟಿತ್ತು. ಅಜ್ಜಿ ಅದನ್ನು ತಮ್ಮ ಮಾತಿನಲ್ಲಿ ಕೊಟ್ಟರು. ಹಿಮ್ಮಾಹಿತಿ ಎಂದರೇನೆಂದು ಆಗ ತಿಳಿಯಿತು.

ಪಿಸುಗುಟ್ಟುವ ಗ್ಯಾಲರಿಗೆ ಹತ್ತುವ ಮುಂಚೆ ಮಕ್ಕಳಿಗೆ ಹೇಳಬೇಕಾದದ್ದನ್ನೆಲ್ಲ ಕೆಳಗೇ ಹೇಳಿದೆ. ಮೇಲೆ ಬಂದವರೆಲ್ಲ ಕೂಗುತ್ತಾರೆ, ಅಲ್ಲಿ ವಿವರಣೆ ಯಾರಿಗೂ ಕೇಳಿಸದು. ನಮ್ಮ ಪಾಠದ 'ಗದ್ದಲ' ಅದೇ. ಹೇಳಿ ಮುಗಿಸಿ "ಅರ್ಥವಾಯಿತಾ?" ಎಂದು ಕೇಳಲಿಲ್ಲ. "ಈಗ ನೀವು ಹೇಳಿ" ಎಂದೆ. ಚಿಕ್ಕವನು ಸಿಂಬಿಯ ಮೇಲೆ ಕೂತ ಗುಮ್ಮಟದ ಕಥೆಯನ್ನು ಕೈಯಾಡಿಸಿ ಹೇಳಿದ.

ಅಂದು ನನ್ನ ಕನ್ನಡದಲ್ಲಿ ಎಷ್ಟು ತಪ್ಪುಗಳಿದ್ದವೋ, ಯಾರೂ ಎಣಿಸಲಿಲ್ಲ.